ಐರ್ಲೆಂಡಿನ ಗುಡ್ಡದಲ್ಲಿ ಒಡೆಯದ ಕಾಯಿ

ಮೊಮ್ಮಗಳು ಹುಟ್ಟಿದ ಮೇಲೆ ಅಜ್ಜಿಯ ಬುದ್ಧಿ ಅರ್ಧ ಕರಗುತ್ತದೆ. ಉಳಿದರ್ಧ ಕೂಸಿನ ಫೋಟೋ ತೋರಿಸುವುದಕ್ಕೆ ಖರ್ಚಾಗುತ್ತದೆ. ನಾನು ಓದಿದ್ದೇ ಎರಡನೇ ಇಯತ್ತೆ, ಕರಗುವುದಕ್ಕೂ ಹೆಚ್ಚೇನಿರಲಿಲ್ಲ. ಈ ಪರದೇಶದಲ್ಲಿ ನಾವಿರುವ ಗ್ರೀನ್‌ಫರ್ಡಿನ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಫೋಟೋ ತೋರಿಸಿದ್ದೇನೆ. ಒಬ್ಬಾಕೆ ತನ್ನ ಸ್ಟಾಪು ಬರುವ ಮೊದಲೇ ಇಳಿದುಹೋದಳು.

ಮಗ ರಾಘುವಿಗೆ ಬಹಳ ವರ್ಷ ಮಕ್ಕಳಿರಲಿಲ್ಲ. ಕೂಸಾದರೆ ಅದರ ಜೊತೆ ಗುಡ್ಡ ಏರಿ ಕಾಯಿ ಒಡೆಯುತ್ತೇನೆಂದು ಹರಕೆ ಹೊತ್ತಿದ್ದೆ. ಯಾವ ಗುಡ್ಡವೆಂದು ಅವಸರದಲ್ಲಿ ಹೇಳಿರಲಿಲ್ಲ. ಹಾಗಂತ ಮನೆಯ ಹತ್ತಿರದ ದಿಬ್ಬ ತೋರಿಸಿ ದೇವರಿಗೆ ಮೋಸ ಮಾಡಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ರಾಘು, ರಜೆಗೆ ಐರ್ಲೆಂಡಿಗೆ ಹೋಗಿ ಗುಡ್ಡ ಏರೋಣವೆಂದ. ನಾನು ಕ್ವೀನ್ಸ್‌ಬರಿಯ ನಮ್ಮವರ ಅಂಗಡಿಯಿಂದ ತೆಂಗಿನಕಾಯಿ ತಂದೆ.

"ಅವ್ವಾ, ಅಲ್ಲಿ ಗುಡಿ ಇಲ್ಲ, ದೇವ್ರಿಲ್ಲ."

"ದೇವ್ರಿಲ್ದ ಅಷ್ಟ್ ದೊಡ್ಡ ಗುಡ್ಡ ತಾನ ನಿಂತೈತೇನೋ?"

ಅದು ಗುಡ್ಡವಲ್ಲ, ನೆನೆಹಾಕಿದ ಅವಲಕ್ಕಿ. ಹತ್ತಲೆಂದು ಕಾಲಿಟ್ಟರೆ ಮೊಣಕಾಲಿನವರೆಗೆ ಇಳಿಯುತ್ತಿದ್ದೆ. ರಾಘು ಬೆನ್ನಿಗೆ ಕೂಸನ್ನು ಕಟ್ಟಿಕೊಂಡು, ಕೈಯಿಂದ ನನ್ನನ್ನು ಕೀಳುತ್ತ ನಡೆದ. ಹೇಗೋ ತುದಿ ಮುಟ್ಟಿದೆವು. ಸುತ್ತ ಮಂಜು, ಕೆಳಗೆ ಕೆಸರು. ದೇವರನ್ನು ನೆನೆದು ಕಾಯಿಯನ್ನು ನೆಲಕ್ಕೆ ಕುಕ್ಕಿದೆ. ಪಚಕ್ ಎಂದು ಒಳಗೆ ಹೋಯಿತು.

ಕೂಸು ಕೇಕೆ ಹಾಕಿ ನಕ್ಕಿತು. ಅಂಥ ನಗು ಅದುವರೆಗೆ ನಕ್ಕಿರಲಿಲ್ಲ.

ಅಗೆದು ತೆಗೆದು ಮತ್ತೆ ಕುಕ್ಕಿದೆ. ಪಚಕ್. ಮತ್ತೆ ಕೇಕೆ. ಅಷ್ಟು ದೊಡ್ಡ ಪರ್ವತದಲ್ಲಿ ಒಂದು ಕಾಯಿ ಒಡೆಯುವಷ್ಟು ಗಟ್ಟಿ ಜಾಗವಿಲ್ಲ!

"ಅತ್ತೀ, ಕೆಳಗ ಕಾರಿನ ಹತ್ರ ಒಡೀರಿ," ಎಂದಳು ಸೊಸೆ ಸುಮಾ.

"ಕೆಳಗ ಒಡಿಯಾಕ ಇಷ್ಟು ಮ್ಯಾಲ ಬಂದೇವೇನು?"

ಮಂಜಿನೊಳಗಿಂದ ಕೋಲೂರಿಕೊಂಡು ಆ ಊರಿನ ಮುದುಕರೊಬ್ಬರು ಬಂದರು. ರಾಘು ಇಂಗ್ಲಿಷಿನಲ್ಲಿ ಹರಕೆಯ ಕಥೆ ಹೇಳಿದ. ಅವರು ನಗಲಿಲ್ಲ, ಟೋಪಿ ತೆಗೆದರು. ಆಮೇಲೆ ಕೆಸರಿನಲ್ಲಿ ಮೊಣಕಾಲೂರಿ, ತೋಳಿನವರೆಗೆ ಕೈ ಹಾಕಿ ತಡಕಾಡಿ, ಒಂದು ಕಲ್ಲನ್ನು ಕಿತ್ತು ತಂದು ನನ್ನ ಮುಂದಿಟ್ಟರು. ನಾನು ಕಲ್ಲನ್ನು ನೋಡಿದೆ, ಕೂಸನ್ನು ನೋಡಿದೆ, ಕಾಯಿಯನ್ನು ಮತ್ತೆ ಕೆಸರಿಗೇ ಹಾಕಿದೆ.

ಸುಮಾ ಕಾಯಿಯನ್ನು ಕೆಸರಿನಿಂದ ಕಿತ್ತಳು. "ಹರಕೀ ನಿಮ್ದು, ನೆಗಡಿ ಕೂಸಿಗೆ!" ಎಂದು ಕಲ್ಲಿಗೆ ಒಂದೇ ಏಟು. ಕಾಯಿ ಸರಿಯಾಗಿ ಎರಡು ಹೋಳಾಯಿತು. ನಾನು ಕಣ್ಣು ಮುಚ್ಚಿ ಕೈ ಮುಗಿದೆ. ಆಟ ಮುಗಿಯಿತೆಂದು ಕೂಸು ಅಳಲಾರಂಭಿಸಿತು.

ಪ್ರಸಾದ ಕೊಡುತ್ತಾರೆಂದು ರಾಘು ಹೇಳಿದ್ದನೇನೋ, ಪಾಪ, ಆ ಮುದುಕರು ಕೆಸರಿನ ಕೈಯನ್ನು ಒರೆಸಿಕೊಂಡು ಮುಂದೆ ಚಾಚಿದ್ದರು. ನಾನು ಅವರ ಕಣ್ಣೆದುರೇ ಎರಡೂ ಹೋಳುಗಳನ್ನು ಒಂದಾದ ಮೇಲೊಂದು ಕೆಸರಿಗೆ ಒಗೆದೆ. ಕೂಸು ನಕ್ಕಿತು. ದೇವರಿಗೂ ಅವರಿಗೂ ಏನೂ ಉಳಿಯಲಿಲ್ಲ. ನನಗೆ ನಾಚಿಕೆಯೂ ಉಳಿಯಲಿಲ್ಲ.