ಸೆಶೆಲ್ಸ್ ವರ, ಮಾಲ್ಡೀವ್ಸ್ ವರ ಮತ್ತು ನನ್ನ ತಲಾ ಆದಾಯ

ರೋಣದ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತಿರುವ ನನಗೆ ಒಂದು ವರ ಆರಿಸುವುದು ಯಾವ ಮಹಾ ಕೆಲಸ? ಗಜೇಂದ್ರಗಡದ ನನ್ನ ಅಕ್ಕ, ಮಗಳು ಗಿರಿಜಾಳಿಗೆ ಬಂದ ಎರಡು ಸಂಬಂಧಗಳ ಬಯೋಡೇಟಾ ನನ್ನ ಕೈಗಿಟ್ಟು, "ತಮ್ಮಾ, ನೀ ಓದಿದಾಂವ. ನೋಡಿ ಒಂದ ಮಾತ ಹೇಳಪಾ" ಎಂದಾಗ ನನ್ನ ಎದೆ ಎರಡಿಂಚು ಉಬ್ಬಿತು. ಓದಿದವರ ಕೈಗೆ ಇಂಥ ಕೆಲಸ ಕೊಡಬಾರದೆಂದು ಪಾಪ, ಅಕ್ಕನಿಗೆ ಯಾರೂ ಹೇಳಿರಲಿಲ್ಲ.

ಒಬ್ಬ ಯಾವಗಲ್ ಎಂಬ ಊರಿನ ಹುಡುಗ. ಮಾಲ್ಡೀವ್ಸಿನ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ರಜೆಗೆ ಊರಿಗೆ ಬಂದಿದ್ದವನು ಕನ್ಯೆ ನೋಡಿಹೋಗಿದ್ದ. ಮಗ್ಗದ ಮೇಲೆ ಗಿರಿಜಾ ನೇಯುತ್ತಿದ್ದ ಸೀರೆಯನ್ನು ನೋಡಿ, "ಇದಕ್ಕ ಎಷ್ಟ ದಿನ ಹಿಡಿತೈತ್ರಿ?" ಎಂದು ಕೇಳಿದ್ದನಂತೆ. ಅಷ್ಟಕ್ಕೇ ನಮ್ಮ ಹುಡುಗಿ ತನ್ನ ಅತ್ತೆಯ, ಅಂದರೆ ನನ್ನ ಹೆಂಡತಿ ಶಾಂತಾಳ ಕಿವಿಯಲ್ಲಿ "ಇವರs ಆಗಲಿ" ಎಂದುಬಿಟ್ಟಿದ್ದಳು. ಇನ್ನೊಬ್ಬ ನರಗುಂದದವನು. ಅವನ ಬಯೋಡೇಟಾದಲ್ಲಿ ಸೆಶೆಲ್ಸ್ ಎಂದಿತ್ತು.

ಎರಡೂ ಹಿಂದೂ ಮಹಾಸಾಗರದ ಪುಟ್ಟ ದ್ವೀಪ ದೇಶಗಳು. ಮೊಬೈಲ್ ಹಿಡಿದು ಕೂತೆ. ಎರಡರ ತಲಾ ಆದಾಯ ತೆಗೆದೆ, ಹಿಂದಿನ ಮೂರು ವರ್ಷದ್ದೂ ತಾಳೆ ನೋಡಿದೆ, ಕೆಂಪು ಪೆನ್ನಿನಿಂದ ಅಡಿಗೆರೆ ಎಳೆದೆ. ಸೆಶೆಲ್ಸ್ ಮೇಲೆ, ಮಾಲ್ಡೀವ್ಸ್ ಕೆಳಗೆ. ಮುಗಿಯಿತು!

"ಅಲ್ರೀ, ಹುಡುಗರಿಗೆ ಪಗಾರ ಎಷ್ಟೈತಿ ಅಂತ ಕೇಳಿದ್ರ ಆಗ್ತಿರಲಿಲ್ಲೇನು?" ಎಂದಳು ಶಾಂತಾ.

"ಪಗಾರ ಇವತ್ತ ಇರತೈತಿ, ನಾಳೆ ಹೋಗತೈತಿ. ಇದು ಹಂಗಲ್ಲ. ಇಡೀ ದೇಶದ ಆದಾಯ ಕೂಡಿಸಿ, ತಲಿಗಿಷ್ಟು ಅಂತ ಸಮ ಹಂಚಿದ್ರ ತಲಾ ಆದಾಯ!"

"ಖರೇನ ಹಂಚತಾರ?"

"ಕಾಗದದ ಮ್ಯಾಲೆ ಹಂಚತಾರ."

"ಹಂಗಾದ್ರ ಇವತ್ತ ರಾತ್ರಿ ಅಡಗಿನೂ ಕಾಗದದ ಮ್ಯಾಲೆ ಮಾಡ್ತೀನಿ, ಉಣ್ಣುವಂತ್ರಿ."

ಶಾಸ್ತ್ರ ತಿಳಿಯದವರೊಡನೆ ವಾದ ಸಲ್ಲದೆಂದು ನಾನು ಘನತೆಯಿಂದ ಎದ್ದು ಅಂಗಳಕ್ಕೆ ಬಂದೆ. ಬಂದವನು ಸುಮ್ಮನಿರಬೇಕಿತ್ತು. ಯಾವಗಲ್ಲಿಗೆ ಫೋನ್ ಮಾಡಿದೆ!

"ನಿಮ್ಮ ಹುಡುಗ ಬಂಗಾರದಂಥಾ ಹುಡುಗ್ರಿ. ಆದ್ರ ತಲಾ ಆದಾಯ ಕೂಡಿ ಬರವಲ್ದು" ಎಂದೆ.

ಹುಡುಗನ ತಂದೆ ಗಾಬರಿಯಾದರು. "ಜಾತಕ ಕೂಡೇತಲ್ರಿ ಸರ?"

"ಜಾತಕ ಕೂಡೇತ್ರಿ. ನಾ ಹೇಳೂದು ಮಾಲ್ಡೀವ್ಸಿಂದು."

"ಅದಕ್ಕೇನರ ಶಾಂತಿ ಮಾಡಿಸಿದ್ರ ಹೋಗತೈತೇನ್ರಿ?"

ಒಂದು ದೇಶದ ತಲಾ ಆದಾಯಕ್ಕೆ ಯಾವ ದೇವಸ್ಥಾನದಲ್ಲೂ ಶಾಂತಿ ಇಲ್ಲವೆಂದು ವಿವರಿಸಿ, ಸೆಶೆಲ್ಸಿನ ಪ್ರಗತಿಯ ಬಗ್ಗೆ ಕಾಲು ಗಂಟೆ ಪಾಠ ಮಾಡಿ ಫೋನಿಟ್ಟೆ. ಸುದ್ದಿ ಕೇಳಿ ಗಿರಿಜಾ, "ಮಾಮಾ ನನ್ನ ಒಂದ ಮಾತ ಕೇಳಬಾರದಿತ್ತೇನು?" ಎಂದಳಂತೆ. ಅಕ್ಕ ಅವಳನ್ನೇ ಗದರಿಸಿದಳು. ತಮ್ಮ ಓದಿದವನಲ್ಲವೇ!

ರವಿವಾರ ನರಗುಂದದವರು ಗಜೇಂದ್ರಗಡಕ್ಕೆ ಬಂದರು. ಅವಲಕ್ಕಿ, ಚಹಾ ಆಯಿತು. ನಾನು ಹುಡುಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನೆರೆದ ಬೀಗರಿಗೆಲ್ಲ ಅವನ ದ್ವೀಪದ ಮಹಿಮೆ ಬಣ್ಣಿಸತೊಡಗಿದೆ. ಮೀನುಗಾರಿಕೆ ಹೇಳಿದೆ, ಪ್ರವಾಸೋದ್ಯಮ ಹೇಳಿದೆ, ಮಾಲ್ಡೀವ್ಸನ್ನು ಹೆಜ್ಜೆಹೆಜ್ಜೆಗೂ ಕೆಳಗೆ ಕೆಡವಿದೆ. ಹುಡುಗ ತಲೆ ಬಗ್ಗಿಸಿ ಅವಲಕ್ಕಿಯ ಶೇಂಗಾ ಆರಿಸಿ ತಿನ್ನುತ್ತಿದ್ದ. ಎಂಥ ವಿನಯ ಎಂದುಕೊಂಡೆ!

ಚಹಾದ ಕಪ್ಪು ಎತ್ತಲು ಬಂದ ಗಿರಿಜಾ ಅಲ್ಲೇ ನಿಂತಳು. "ಅಲ್ಲೆ ನಿಮಗ ಪಗಾರ ಎಷ್ಟ ಕೊಡತಾರ್ರಿ?"

ಹುಡುಗ ನನ್ನ ಮುಖ ನೋಡಿದ. "ನಾ ಅಲ್ಲಿಂದ ವಾಪಸ್ ಬಂದ ಎರಡ ವರ್ಷಾತ್ರಿ. ಇದ್ದದ್ದs ನಾಕ ತಿಂಗಳ. ಈಗ ಮನ್ಯಾಗ ಅದೀನಿ. ಬಯೋಡೇಟಾದಾಗ 'ಹಿಂದೆ' ಅಂತ ಬರದೀವಲ್ರಿ!"

ಬರೆದಿದ್ದರು. ಸೆಶೆಲ್ಸ್ ಎಂಬ ಅಕ್ಷರಕ್ಕೆ ಅಡಿಗೆರೆ ಎಳೆಯುವ ಭರದಲ್ಲಿ ಅದರ ಹಿಂದಿನ ಮಾತನ್ನು ನಾನು ಓದಿರಲಿಲ್ಲ. ಬೀಗರು ಎದ್ದು ಹೋದರು. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಬೈಯುವ ಕೆಲಸ ಶಾಂತಾ ವಹಿಸಿಕೊಂಡಳು. "ನಾಳೆ ಮದಲನೇ ಬಸ್ಸಿಗೆ ಯಾವಗಲ್ಲಿಗೆ ಹೋಗ್ರಿ. ಪಾಠ ಮಾಡಬ್ಯಾಡ್ರಿ. ಕೈ ಮುಗುದು, ತಪ್ಪಾತು ಅನ್ರಿ, ಸಾಕು."

ಹೋದೆ. ಹುಡುಗನ ತಂದೆ ನನ್ನನ್ನು ಕಂಡು ಮುಖ ಗಂಟಿಕ್ಕಿಕೊಳ್ಳಲಿಲ್ಲ. "ಬರ್ರಿ ಬರ್ರಿ ಸರ, ಕುಂದರ್ರಿ" ಎಂದು ತಟ್ಟೆಯಲ್ಲಿ ಪೇಢೆ ತಂದಿಟ್ಟರು. ನನಗೆ ಹೋದ ಜೀವ ಬಂದಂತಾಯಿತು. ಕ್ಷಮೆ ಕೇಳಲು ಶಬ್ದ ಹೊಂದಿಸುತ್ತ ಒಂದು ತಿಂದೆ. ಶಬ್ದ ಇನ್ನೂ ಹೊಂದಲಿಲ್ಲ, ಇನ್ನೊಂದು ತಿಂದೆ. ಆಮೇಲೆ ಕೇಳಿದೆ, "ಏನ್ರಿ ವಿಶೇಷ?"

"ಹುಡುಗಂದು ನಿನ್ನೆ ನಿಶ್ಚಯ ಆತ್ರಿ. ಅಸೂಟಿ ಊರಿನ ಕನ್ಯಾ. ಅಂವಗ ರಜಾ ಮುಗಿಯಾಕ ಬಂದಿತ್ತು, ನೀವು ಬ್ಯಾಡ ಅಂದ ಮ್ಯಾಲೆ ತಡಾ ಯಾಕ ಮಾಡೂದು ಅಂತ ಮುಗಿಸಿಬಿಟ್ವಿ. ಇನ್ನೊಂದ ತಗೋರಿ."

ಅಲ್ಲಿಂದ ಗಜೇಂದ್ರಗಡಕ್ಕೆ ಹೇಗೆ ಬಂದೆನೋ ನನಗೇ ಗೊತ್ತಿಲ್ಲ. ಗಿರಿಜಾ ಮಗ್ಗದಲ್ಲಿ ಕೂತಿದ್ದಳು. ನನ್ನನ್ನು ಕಂಡವಳೇ ಲಾಳಿ ನಿಲ್ಲಿಸಿದಳು.

"ಏನಂದ್ರು ಮಾಮಾ?"

"ಬ್ಯಾರೆ ಕಡೆ ನಿಶ್ಚಯ ಆಗೇತವ್ವಾ. ಪೇಢೆ ಕೊಟ್ರು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಷ್ಟ ತಿಂದ್ರಿ?"

"ಎರಡ" ಎಂದೆ.

"ನಾ ಒಂದೂ ತಿಂದಿಲ್ಲ. ನಿಮ್ಮ ತಲಾ ಲೆಕ್ಕದಾಗ ನನಗೂ ಒಂದ ಸಿಕ್ಕಂಗಾತಲ್ರಿ ಮಾಮಾ!"