ಬಿಡು ಎಂದರೆ ಎಸೆ

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಅಚ್ಯುತನಿಗೆ, ತನ್ನ ಚಿಕ್ಕಂದಿನಲ್ಲಿ ಅಮೆರಿಕದ ರೆಂಟನ್ ಊರಿನ ಮನೆಯಲ್ಲಿ ಮಂಡಿ ನೀವಿಕೊಳ್ಳುತ್ತಿದ್ದ ಅಜ್ಜಿಯೇ ನೆನಪಾಗುತ್ತಿದ್ದಳು. ಈಗ ಅದೇ ವಾಸನೆ ನೂರಿಪ್ಪತ್ತು ಕಿಲೋ ತೂಗುವ ಹುಡುಗರ ಮಂಡಿಗಳಿಂದ ಬರುತ್ತಿತ್ತು. ಅಲ್ಲೇ ಹತ್ತಿರದ ಶೋರ್‌ಲೈನ್ ಊರಿನ ಪುಟ್ಟ ಕಾಲೇಜೊಂದರ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅವನು ಕೋಚ್. ಹನ್ನೊಂದು ವರ್ಷ ಹುಡುಗರಿಗೆ ನೀರು ಹೊತ್ತು, ಮಂಡಿಗೆ ಪಟ್ಟಿ ಸುತ್ತಿ, ಆಮೇಲೆ ಆ ಪದವಿಗೇರಿದ್ದ. ಈ ವರ್ಷ ಆಡಿದ ಎಂಟು ಪಂದ್ಯಗಳನ್ನೂ ಸೋತಿದ್ದ. "ಶನಿವಾರದ್ದೂ ಸೋತರೆ ನಾವು ಬೇರೆಯವರನ್ನು ಹುಡುಕಬೇಕಾಗುತ್ತದೆ," ಎಂದು ಕ್ರೀಡಾ ವಿಭಾಗದ ಮುಖ್ಯಸ್ಥೆ ಓಲ್ಸನ್ ಮೇಡಂ ಬಹಳ ಮರ್ಯಾದೆಯಿಂದಲೇ ಹೇಳಿದ್ದರು.

ಸೋಲಿಗೆಲ್ಲ ಕಾರಣ, ಮುಂದೇನು ಆಡಬೇಕೆಂದು ಅವನು ಹುಡುಗರಿಗೆ ಮಾಡುತ್ತಿದ್ದ ಕೈಸನ್ನೆ. ಎದುರಾಳಿಗಳು ಅದನ್ನು ಬಸ್ಸಿನ ಬೋರ್ಡಿನಂತೆ ಸಲೀಸಾಗಿ ಓದುತ್ತಿದ್ದರು. ಅದಕ್ಕೇ ಈ ಸಲ ಹುಡುಗರಿಗೆ ಮೂರು ಕನ್ನಡ ಪದ ಕಲಿಸಿದ. ಓಡು ಎಂದರೆ ಚೆಂಡು ಹಿಡಿದು ಓಡಬೇಕು. ಬಿಡು ಎಂದರೆ ದೂರಕ್ಕೆ ಎಸೆಯಬೇಕು. ಕೂರು ಎಂದರೆ ಚೆಂಡನ್ನು ಅವುಚಿಕೊಂಡು ನೆಲಕ್ಕೆ ಮಂಡಿಯೂರಿ ಸಮಯ ಕಳೆಯಬೇಕು. ಚೆಂಡೆಸೆಯುವ ಸಿಯೋನೆ ವಾರವಿಡೀ ಬಚ್ಚಲಲ್ಲೂ ಬಾಯಿಪಾಠ ಮಾಡಿದ.

ಶನಿವಾರ ಮೊದಲರ್ಧದಲ್ಲಿ ಎದುರಾಳಿಗಳು ಕಕ್ಕಾಬಿಕ್ಕಿಯಾದರು. ಎಡವಟ್ಟಾದದ್ದು ಅಚ್ಯುತನ ಪಕ್ಕದ ಮನೆಯ ಕಮಲಾಕ್ಷಮ್ಮ ಗಂಡನೊಡನೆ ಬಂದ ಮೇಲೆ. ಆ ಮೈದಾನದಲ್ಲಿ "ಓಡು" ಎಂಬ ಕೂಗು ಕೇಳಿ ಆಕೆಗೆ ಕಣ್ಣೇ ತುಂಬಿ ಬಂತು. ಕೂಡಲೇ ಫೋನ್ ತೆಗೆದರು.

"ಬೇಗ ಬನ್ರೀ! ನಮ್ ಅಚ್ಯುತ ಕನ್ನಡದಲ್ಲೇ ಮ್ಯಾಚ್ ಆಡಿಸ್ತಿದಾನೆ!"

ವಿರಾಮ ಮುಗಿಯುವಷ್ಟರಲ್ಲಿ ದೂರದ ಇಸ್ಸಾಕ್ವಾ ಊರಿನ ಕನ್ನಡದವರೂ ಬಂದಿಳಿದರು. ಮಕ್ಕಳು, ಛತ್ರಿ, ಫ್ಲಾಸ್ಕುಗಳ ಸಮೇತ ಎಲ್ಲರೂ ಅಚ್ಯುತನ ಬೆನ್ನಿಗೇ ಕೂತರು.

"ರೀ, ಚಳಿ ಆಗ್ತಿದೆಯಾ?" ಕಮಲಾಕ್ಷಮ್ಮ ಗಂಡನನ್ನು ಕೇಳಿದರು.

"ಅಂಥದ್ದೇನಿಲ್ಲ ಬಿಡು!" ಎಂದರು ಬದರಿನಾಥರು. ವಿಮಾನ ಕಾರ್ಖಾನೆಯ ಗದ್ದಲದಲ್ಲಿ ಮೂವತ್ತು ವರ್ಷ ಪಳಗಿದ ಗಂಟಲು ಅವರದು.

ಸಿಯೋನೆ ಎಸೆದೇಬಿಟ್ಟ. ಪುಣ್ಯಕ್ಕೆ ಅವನ ಕಡೆಯವನೇ ಹಿಡಿದ. ಅಚ್ಯುತ ಬೆವರೊರೆಸಿಕೊಂಡು ಹಿಂದೆ ತಿರುಗಿದ.

"ಅಂಕಲ್, ಆ ಒಂದು ಪದ ಮಾತ್ರ ಹೇಳ್ಬೇಡಿ, ಪ್ಲೀಸ್."

"ಯಾವ್ದಪ್ಪಾ?"

"ಬಿಡು."

ಚೆಂಡು ಮತ್ತೆ ಹಾರಿತು.

"ಅಷ್ಟೇ ತಾನೆ? ಹೇಳಲ್ಲ ಬಿಡು!" ಎಂದರು ಬದರಿನಾಥರು. ಇನ್ನೊಮ್ಮೆ ಹಾರಿತು. ಈ ಸಲ ಅದು ಗೆರೆ ದಾಟಿ, ಅಚ್ಯುತನ ತಂಡ ನಾಲ್ಕು ಅಂಕ ಮುಂದಾಯಿತು. ಇನ್ನು ಅವರನ್ನು ಬೈಯುವುದಾದರೂ ಹೇಗೆ?

ಕೊನೆಗೆ ಆಟ ಮುಗಿಯಲು ಉಳಿದದ್ದು ಇಪ್ಪತ್ತೇ ಸೆಕೆಂಡು. ಚೆಂಡು ಮತ್ತೆ ಸಿಯೋನೆಯ ಕೈಗೇ ಬಂದಿತ್ತು. ಅವನು ಮಂಡಿಯೂರಿದರೆ ಗೆಲುವು, ಅಚ್ಯುತನ ಕೆಲಸ, ಎರಡೂ ಉಳಿದಂತೆ.

"ಕೂರು!" ಅಚ್ಯುತ ಕಿರುಚಿದ.

ಉತ್ಸಾಹದಲ್ಲಿ ಎದ್ದು ನಿಂತಿದ್ದ ಕನ್ನಡದವರೆಲ್ಲ ತಟ್ಟನೆ ಕೂತರು. ಆ ನೂಕುನುಗ್ಗಲಿನಲ್ಲಿ ಶಶಿಕಾಂತನೆಂಬವನ ಛತ್ರಿ ಕಮಲಾಕ್ಷಮ್ಮನ ತುರುಬಿಗೆ ಸಿಕ್ಕಿಕೊಂಡಿತು.

"ಏನ್ರೀ ಶಶಿಕಾಂತ, ಇದು ಛತ್ರೀನೋ ಭರ್ಜೀನೋ?"

"ಮೇಡಂ, ನಿಮ್ ತುರುಬೇ ಅಡ್ಡ ಬಂತು!"

ಜಗಳವೆಂದರೆ ಬದರಿನಾಥರಿಗೆ ಆಗದು. ಎದ್ದು ನಿಂತು ಹೆಂಡತಿಗೆ ಸಮಾಧಾನ ಹೇಳಿದರು. "ಹೋಗ್ಲಿ ಬಿಡು! ಬಿಡು ಅಂದ್ನಲ್ಲಾ!"

ಇನ್ನೇನು ಮಂಡಿಯೂರಬೇಕೆಂದು ಬಗ್ಗಿದ್ದ ಸಿಯೋನೆ ನೆಟ್ಟಗಾಗಿ ಎಸೆದ. ಹಿಡಿದವನು ಎದುರಾಳಿ. ಅವನು ತಪ್ಪಿಸಿಕೊಂಡ ಕರುವಿನ ಹಾಗೆ ಮೈದಾನದ ಉದ್ದಕ್ಕೂ ಓಡಿದ. ಒಂಬತ್ತನೆಯ ಸೋಲು.

ಓಲ್ಸನ್ ಮೇಡಂ ಮೆಟ್ಟಿಲಿಳಿದು ಬಂದರು. ಅಚ್ಯುತ ಕೊರಳಿನ ಸೀಟಿ ತೆಗೆದು ಅವರ ಮುಂದೆ ಹಿಡಿದ. ಅವರು ಅದನ್ನು ತಿರುಗಿ ಅವನ ಕೊರಳಿಗೇ ಹಾಕಿದರು.

"ಅಚ್ಯುತ, ನಮ್ಮ ಪಂದ್ಯಕ್ಕೆ ಹತ್ತೊಂಬತ್ತು ಜನ ಬಂದರೆ ಹೆಚ್ಚು. ಇವತ್ತು ಅರವತ್ತಮೂರು! ಮುಂದಿನ ವರ್ಷವೂ ನೀವೇ ಕೋಚ್. ಆದರೆ ಒಂದು ಷರತ್ತು. ಇವರೆಲ್ಲ ಪ್ರತಿ ಪಂದ್ಯಕ್ಕೂ ಬರಬೇಕು. ಇಲ್ಲೇ, ನಿಮ್ಮ ಬೆನ್ನ ಹಿಂದೆಯೇ ಕೂರಬೇಕು."

"ಬರ್ದೇ ಇರ್ತೀವಾ?" ಎಂದರು ಬದರಿನಾಥರು. "ಮುಂದಿನ್ ಸಲ ನಾನು ಮೈಕ್ ತರ್ತೀನಿ!"

ಎಲ್ಲರೂ ಹೋದ ಮೇಲೆ ಅಚ್ಯುತ ತುಂತುರಿನಲ್ಲಿ ಒಬ್ಬನೇ ಬೆಂಚಿನ ಮೇಲೆ ಕೂತಿದ್ದ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಿಯೋನೆ ತಲೆ ತಗ್ಗಿಸಿಕೊಂಡು ಬಂದ. ಬೀದಿ ಮೂಲೆಯ ಟೆರಿಯಾಕಿ ಎಂಬ ಜಪಾನಿ ತಿನಿಸಿನ ಅಂಗಡಿಯ ಬಿಸಿ ಡಬ್ಬಿ ಅವನ ಕೈಯಲ್ಲಿತ್ತು. ಕೋಚ್ ಮಾಂಸ ತಿನ್ನುವುದಿಲ್ಲವೆಂದು ಕೋಳಿಯ ಬದಲು ಸೋಯಾ ಪನೀರಿನಂಥ ತೋಫು ಹಾಕಿಸಿದ್ದ. ಮುಚ್ಚಳ ತೆಗೆದು ಅಚ್ಯುತನ ಕೈಗಿಟ್ಟ.