ಟ್ರಿಗರಿಗೆ ಇನ್ನೊಂದು ಕಾಲು ಸುತ್ತು

ನನಗೆ ಕಾಯುವುದು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳೋಣವೆಂದರೆ ಅಲ್ಲಿಯವರೆಗೆ ಕಾಯಬೇಕಾಗುತ್ತದೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸಿ ಹೆಂಡತಿ ವಾರಿಜಳ ಕೈಲಿ ಬೈಸಿಕೊಳ್ಳುವವನು ನಾನು. ಲೋಕಲ್‌ನಲ್ಲಿ ಇಳಿಯಬೇಕಾದ ಸ್ಟೇಷನ್ನಿಗೆ ಒಂದು ಸ್ಟೇಷನ್ ಮೊದಲು ಏಳುವುದು ಮುಂಬೈಯವರ ಪದ್ಧತಿ. ನಾನು ಎರಡು ಸ್ಟೇಷನ್ ಮೊದಲು ಏಳುತ್ತೇನೆ. ಇಂಥವನು ಐವತ್ತು ದಾಟಿದ ಮೇಲೆ ಏರ್ ರೈಫಲ್ ಹಿಡಿದು ಗುರಿ ಹೊಡೆಯಲು ಹೊರಟದ್ದೇಕೆಂದರೆ, ನಮ್ಮ ಡಾಕ್ಟರು ರಕ್ತದೊತ್ತಡ ನೋಡಿ, "ನಿಧಾನ ಕಲಿಸುವಂಥ ಏನಾದರೂ ಹವ್ಯಾಸ ಇಟ್ಟುಕೊಳ್ಳಿ" ಎಂದರು. ಅವರು ಹೇಳಿದ್ದು ತೋಟಗಾರಿಕೆ ಇರಬೇಕು. ವಡಾಲದ ಎರಡನೇ ಮಹಡಿಯ ಮನೆಯಲ್ಲಿ ನಮಗಿರುವುದು ಒಂದು ತುಳಸಿ ಕುಂಡ, ಅದನ್ನೂ ವಾರಿಜ ನನಗೆ ಮುಟ್ಟಗೊಡುವುದಿಲ್ಲ.

ಹಾಗಾಗಿ ಪ್ರತಿ ಭಾನುವಾರ ಜೋಗೇಶ್ವರಿಯ ಶೂಟಿಂಗ್ ಕ್ಲಬ್ಬಿಗೆ ಹೋಗತೊಡಗಿದೆ. ನಾನು ನಿಜವಾಗಿಯೂ ಅಲ್ಲಿಗೇ ಹೋಗುತ್ತೇನೆಯೇ ಎಂದು ನೋಡಲು ಒಂದು ದಿನ ವಾರಿಜಳೂ ಬಂದಳು. ಸುಮ್ಮನೆ ಕೂತು ಬೇಸರವಾಗಿ, ಕ್ಲಬ್ಬಿನ ಹಳೆಯ ರೈಫಲ್ ಎತ್ತಿಕೊಂಡಳು. ಬಾವಿಯಿಂದ ನೀರು ಸೇದುವಷ್ಟು ಬಿಗಿ ಅದರ ಟ್ರಿಗರ್. ಅದನ್ನೇ ಸಮಾಧಾನವಾಗಿ ಎಳೆದೆಳೆದು ವರ್ಷದೊಳಗೆ ನನ್ನ ಸಮಕ್ಕೆ ಬಂದುಬಿಟ್ಟಳು. ಈಗ ಕ್ಲಬ್ ತಂಡದಲ್ಲಿ ಒಂದು ಜಾಗ ತೆರವಾಗಿ, ಅದಕ್ಕೆ ಉಳಿದವರು ನಾವಿಬ್ಬರೇ. ಮೂರು ವರ್ಷ ಮೀಸಲು ಆಟಗಾರನಾಗಿ ಎಲ್ಲರ ನೀರಿನ ಬಾಟಲಿ ಕಾದವನು ನಾನು. ಆ ಜಾಗ ನನಗೇ ಬೇಕಿತ್ತು, ಹೆಂಡತಿಯಾದರೇನು!

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಟ್ರಿಗರ್ ಡೊಂಕು ಎಂದೆ. ಆನ್‌ಲೈನಿನಲ್ಲಿ ಹೊಸದೊಂದನ್ನು ತರಿಸಿ, ಆಫೀಸಿಗೆ ಹೊರಡುವ ಮೊದಲು ಊಟದ ಮೇಜಿನ ಮೇಲೆ ನನ್ನ ರೈಫಲ್ ಬಿಚ್ಚಿದೆ. ಹಳೆಯ ಟ್ರಿಗರ್ ಕಳಚುತ್ತಲೇ ಒಂದು ಸ್ಪ್ರಿಂಗ್ ಚಂಗನೆ ಹಾರಿ ದೋಸೆಹಿಟ್ಟಿನಲ್ಲಿ ಮುಳುಗಿತು. "ಹಿಟ್ಟನ್ನ ಸೋಸಿ ಕೊಡ್ಲಾ, ಅಥವಾ ದೋಸೆ ಜೊತೆ ಬಡಿಸ್ಲಾ?" ಎಂದಳು ವಾರಿಜ. ಅದು ಹಳೆಯ ಟ್ರಿಗರಿನದು, ಬೇಡ ಎಂದೆ. ಹಿಟ್ಟು ಬೇಕಿತ್ತಲ್ಲ, ಆದ್ದರಿಂದ ಸೋಸಬೇಕಾಗಿ ಬಂತು.

ಹೊಸ ಟ್ರಿಗರಿಗೆ ಎರಡು ಹಂತ. ಮೊದಲ ಹಂತದಲ್ಲಿ ಬೆರಳು ಸಲೀಸಾಗಿ ಹಿಂದೆ ಬಂದು ಒಂದು ಕಡೆ ತಡೆಯುತ್ತದೆ. ಅಲ್ಲಿ ನಿಂತು, ಉಸಿರು ಹಿಡಿದು, ಗುರಿ ನೋಡಿ, ಮತ್ತೆ ಸ್ವಲ್ಪ ಒತ್ತಿದರೆ ಗುಂಡು. ಎಂದರೆ ಮೊದಲ ಹಂತವೆಂಬುದು ಏನೂ ಆಗದ ಹಂತ. ನನಗೆ ತಡೆಯಲಾಗಲಿಲ್ಲ. ಅದನ್ನು ಕಡಿಮೆ ಮಾಡಲು ಒಂದು ತಿರುಪು ಇತ್ತು. ದಿನಕ್ಕೆ ಕಾಲು ಸುತ್ತು ತಿರುಗಿಸುತ್ತಾ ಹೋದೆ.

ಕ್ಲಬ್ ನೋಡಿಕೊಳ್ಳುವವರು ಬಿಜಾಪುರ ಕಡೆಯ ಬಸಪ್ಪನವರು, ಮಿಲಿಟರಿಯಲ್ಲಿದ್ದು ಬಂದವರು. ಹಿಂದಿನ ವಾರವೇ ಎಚ್ಚರಿಸಿದ್ದರು. "ಸಾಹೇಬ್ರ, ಆ ಮೊದಲಿನ ಹಂತ ಸುಮ್ ಸುಮ್ನ ಇಟ್ಟಿಲ್ರಿ. ಇನ್ನ ಗುಂಡು ಹೋಗ್ತೈತಿ ಅಂತ ಬೆರಳಿಗೆ ಅದ ಹೇಳೂದು. ಸ್ಕ್ರೂ ಮುಟ್ಟಬ್ಯಾಡ್ರಿ." ಹೂಂ ಎಂದೆ. ಆಯ್ಕೆಯ ದಿನ ಬೆಳಿಗ್ಗೆ ಮನೆಯಲ್ಲಿ ಇನ್ನೊಂದು ಕಾಲು ಸುತ್ತು ತಿರುಗಿಸಿ ಹೊರಟೆ.

ಅಕ್ಕಪಕ್ಕದ ಸಾಲಿನಲ್ಲಿ ನಿಂತು, ಪ್ರತಿ ಗುಂಡಿಗೂ ಹೊಸ ಗುರಿ ಕಾಗದ ಹಾಕಿ ಹೊಡೆದೆವು. ಕೊನೆಯ ಗುಂಡು ಉಳಿದಾಗ ನಾನು ಒಂದು ಅಂಕ ಮುಂದಿದ್ದೆ! ಪಕ್ಕದಲ್ಲಿ ವಾರಿಜಳ ರೈಫಲ್ ಸದ್ದಾಯಿತು. ಅವಳಿಗೆಷ್ಟು ಬಿತ್ತೆಂದು ನೋಡುತ್ತಾ ರೈಫಲ್ ಏರಿಸಿದೆ. ಬೆರಳು ಟ್ರಿಗರನ್ನು ಸೋಕಿತೋ ಇಲ್ಲವೋ, ಗುಂಡು ಹೊರಟೇಹೋಯಿತು. ನನ್ನ ಕಾಗದದಲ್ಲಿ ತೂತಿಲ್ಲ. ವಾರಿಜಳ ಕಾಗದದಲ್ಲಿ ಎರಡು: ಒಂದು ಎಂಟಂಕದ ವೃತ್ತದಲ್ಲಿ, ಇನ್ನೊಂದು ನಟ್ಟನಡುವೆ, ಹತ್ತರಲ್ಲಿ.

ಬಸಪ್ಪನವರು ಮೊದಲು ನನ್ನ ಕೈಯಿಂದ ರೈಫಲ್ ಕಿತ್ತುಕೊಂಡರು. ಆಮೇಲೆ ಕಾಗದ ನೋಡಿದರು. "ಯಾರ್ದು ಯಾವ್ದು ಗೊತ್ತಾಗಂಗಿಲ್ಲ. ಅಂಥಾದ್ರಾಗ ಹೆಚ್ಚಿನ ಅಂಕ ಆ ಕಾಗದದವ್ರಿಗೆ, ಅದ ಕಾಯ್ದೆ. ಅಕ್ಕಾರಿಗೆ ಹತ್ತು, ಸಾಹೇಬ್ರಿಗೆ ಸೊನ್ನಿ. ಟ್ರಿಗರ್ ಸರಿ ಮಾಡೂ ತನಕ ಈ ಬಂದೂಕ ನನ್ನ ಕಪಾಟಿನಾಗ ಇರ್ತೈತಿ."

ಹಿಂದಿರುಗುವಾಗ ಲೋಕಲ್‌ನಲ್ಲಿ ಭಾನುವಾರದ ದಯೆಯಿಂದ ಇಬ್ಬರಿಗೂ ಸೀಟು ಸಿಕ್ಕಿತು. ನಾನು ಮುಖ ಊದಿಸಿಕೊಂಡು ಕೂತಿದ್ದೆ. ಸಾಂತಾಕ್ರೂಜ್ ದಾಟಿದ ಮೇಲೆ ವಾರಿಜ ಮೆಲ್ಲಗೆ, "ಎಂಟು ನಂದು ರೀ. ಕೈ ಅಲ್ಲಾಡಿದ್ದು ಗೊತ್ತಾಯ್ತು. ಹತ್ತು ನಿಮ್ದೇ" ಎಂದಳು.

ಹತ್ತು ನನ್ನದು! ಮೂರು ವರ್ಷ ಗುರಿಯಿಟ್ಟು ಹೊಡೆದರೂ ಅಷ್ಟು ನಟ್ಟನಡುವೆ ಒಂದೂ ಬಿದ್ದಿರಲಿಲ್ಲ. ಗುರಿಯೇ ಇಡದೆ ಹೊಡೆದದ್ದು ಬಿತ್ತು, ಅದೂ ಹೆಂಡತಿಯ ಕಾಗದದಲ್ಲಿ. ಸಂತೋಷವೋ ಸಂಕಟವೋ ತಿಳಿಯದೆ ಎದ್ದು ಬಾಗಿಲ ಬಳಿ ಹೋಗಿ ನಿಂತೆ.

"ಇನ್ನೂ ಬಾಂದ್ರಾನೇ ಬಂದಿಲ್ಲ, ವಡಾಲ ದೂರ ಇದೆ, ಬಂದು ಕೂತ್ಕೊಳ್ಳಿ" ಎಂದು ಕೂಗಿದಳು.

ಈ ಸಲ ಅವಳ ಮಾತು ಕೇಳೋಣವೆಂದು ತಿರುಗಿದೆ. ನನ್ನ ಸೀಟಿನಲ್ಲಿ ಆಗಲೇ ಬೇರೊಬ್ಬರು ಕೂತಾಗಿತ್ತು.